ಬೆಂಕಿ ಹಚ್ಚಿದವನು ಎಲ್ಲಿ ಹೋದ?

ಇವತ್ತು, 2025ರ ಏಪ್ರಿಲ್ 21, ಬೆಳಿಗ್ಗೆ ನಾಲ್ಕೂ ಕಾಲಿಗೆ ಎದ್ದು, ಅಕ್ಕನ ಮನೆ ಹಾಲಲ್ಲಿ ಲೈಟು ಹಾಕದೆ, ಟಿವಿ ಸೌಂಡು ಎಂಟಕ್ಕೆ ಇಟ್ಟು, ಹನ್ನೊಂದು ವರ್ಷದ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಬ್ಲ್ಯೂಡಬ್ಲ್ಯೂಇ ರೆಸ್ಲಿಂಗಿನ ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾ ನೋಡಿ ಮುಗಿಸಿದ್ದೇನೆ. ಈಗ ಹತ್ತೂವರೆ. ಎರಡು ಲೋಟ ಕಾಫಿ ಆಗಿದೆ. ಸಿಟ್ಟು ಇಳಿದಿಲ್ಲ. ರೆಸ್ಲಿಂಗ್ ಅಂದ್ರೆ ಆಗದವರು ಇಲ್ಲೇ ಇಳಿದುಕೊಳ್ಳಿ, ಬೇಜಾರಿಲ್ಲ. ಇನ್ನೂ ನೋಡದೇ ಇರುವವರೂ ಅಷ್ಟೇ, ಮುಂದೆ ಎಲ್ಲಾ ಬಾಯಿಬಿಡುತ್ತೇನೆ.

ನನ್ನ ದೂರು ಒಂದೇ. ರಾಕ್ ಎಲ್ಲಿ?

ಹಿಂದಿನ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಫೆಬ್ರವರಿಯಲ್ಲಿ ರಾಕ್, ಅಂದ್ರೆ ಹಳೇ ರೆಸ್ಲರ್, ಈಗಿನ ಸಿನಿಮಾ ಸ್ಟಾರ್ ಡ್ವೇನ್ ಜಾನ್ಸನ್, ಬಂದು ಚಾಂಪಿಯನ್ ಕೋಡಿ ರೋಡ್ಸ್ ಹತ್ತಿರ ನಿನ್ನ ಆತ್ಮ ನನಗೆ ಕೊಡು ಅಂತ ಕೇಳಿದ. ದುಡ್ಡು ಕೇಳಲಿಲ್ಲ, ಬೆಲ್ಟ್ ಕೇಳಲಿಲ್ಲ, ಆತ್ಮ ಕೇಳಿದ. ಮಾರ್ಚ್ 1ಕ್ಕೆ ಟೊರಾಂಟೊದಲ್ಲಿ ಎಲಿಮಿನೇಷನ್ ಚೇಂಬರ್ ಅನ್ನೋ ಪಂಜರದ ಪಂದ್ಯ ಮುಗಿದ ಮೇಲೆ ಉತ್ತರ ಕೇಳೋಕೆ ಬಂದ. ಕೋಡಿ ಆಗಲ್ಲ ಹೋಗಯ್ಯಾ ಅಂದ, ಅದೂ ಇಲ್ಲಿ ಬರೆಯೋಕಾಗದ ಮಾತಲ್ಲಿ. ಆ ರಾತ್ರಿ ಚೇಂಬರ್ ಗೆದ್ದು ರಿಂಗಲ್ಲೇ ಇದ್ದವನು ಜಾನ್ ಸೀನಾ. ಭೇಷ್ ಅನ್ನೋ ಹಾಗೆ ಬಂದು ಕೋಡಿಯನ್ನು ತಬ್ಬಿಕೊಂಡ. ಆಗ ರಾಕ್ ಕತ್ತಿನ ಮೇಲೆ ಬೆರಳು ಎಳೆದು ಸನ್ನೆ ಮಾಡಿದ. ತಬ್ಬಿಕೊಂಡೇ ಇದ್ದ ಸೀನಾ ಮುಖದಲ್ಲಿ ನಗು ಹಾಗೇ ಆರಿಹೋಯಿತು. ಮುಂದಿನ ಏಟು ಎಲ್ಲಿಗೆ ಬಿತ್ತು ಅಂತ ಬಿಡಿಸಿ ಹೇಳೋದು ಬೇಡ, ಗಂಡಸರಿಗೆಲ್ಲ ಅರ್ಥ ಆಗುತ್ತದೆ.

ಆ ದೃಶ್ಯವನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಆಫೀಸ್ ಬಸ್ಸಿನಲ್ಲಿ ನೋಡಿದೆ, ಊಟದ ಹೊತ್ತಲ್ಲಿ ನೋಡಿದೆ. ಯಾಕೆ ಅಂದ್ರೆ ಅದಕ್ಕಾಗಿ ನಾನು ಇಪ್ಪತ್ತು ವರ್ಷ ಕಾದಿದ್ದೆ.

ನನ್ನ ಕಥೆ ನಿಮಗೆ ಗೊತ್ತಿರೋದೇ. ಪ್ರೈಮರಿ ಸ್ಕೂಲಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡು. ಎತ್ತರ ಎಷ್ಟು, ತೂಕ ಎಷ್ಟು, ಎದೆ ಎಷ್ಟು ಇಂಚು. ಮಗ್ಗಿ ಬರದಿದ್ದರೂ ಅಂಡರ್‌ಟೇಕರ್ ತೂಕ ಬಾಯಿಪಾಠ. ಅವನಿಗೆ ಏಳು ಜೀವ ಇದೆ, ಆರು ಸಲ ಸತ್ತಾಯ್ತು ಅಂತ ಹೇಳಿದ ಹಿರಿಯ ಹುಡುಗನನ್ನು ನಾನು ನಂಬಿದ ಹಾಗೆ ಆಮೇಲೆ ಯಾವ ಮೇಷ್ಟ್ರನ್ನೂ ನಂಬಲಿಲ್ಲ. ಹೈಸ್ಕೂಲಿಗೆ ಬರೋ ಹೊತ್ತಿಗೆ ಡಬ್ಲ್ಯೂಡಬ್ಲ್ಯೂಎಫ್ ಹೋಗಿ ಡಬ್ಲ್ಯೂಡಬ್ಲ್ಯೂಇ ಆಗಿತ್ತು, ಪಾಂಡಾ ಉಳಿಸುವ ಸಂಸ್ಥೆಯವರು ಅದೇ ಹೆಸರಿಗೆ ಕೋರ್ಟಿಗೆ ಹೋಗಿ ಗೆದ್ದಿದ್ದರು. ಕೇಬಲ್ಲಿನಲ್ಲಿ ಟೆನ್ ಸ್ಪೋರ್ಟ್ಸ್ ಬಂತು. ಅಮೆರಿಕದವರು ದುಡ್ಡು ಕಟ್ಟಿ ನೋಡೋ ಪೇ-ಪರ್-ವ್ಯೂ ನಮಗೆ ಕೇಬಲ್‌ನವನ ತಿಂಗಳ ದುಡ್ಡಲ್ಲೇ ಸಿಗುತ್ತಿತ್ತು, ಆ ದುಡ್ಡನ್ನೂ ಅಪ್ಪ ಎರಡು ತಿಂಗಳು ತಡ ಮಾಡಿ ಕೊಡುತ್ತಿದ್ದರು. ಈಗ ಅದಕ್ಕೆ ಪ್ರೀಮಿಯಂ ಲೈವ್ ಈವೆಂಟ್ ಅಂತ ಹೆಸರಂತೆ. 2025ರ ಏಪ್ರಿಲಿಂದ ಇಲ್ಲೂ ನೆಟ್‌ಫ್ಲಿಕ್ಸಿನಲ್ಲಿ. ಅಕ್ಕನ ಪಾಸ್‌ವರ್ಡು, ನನ್ನ ಕಣ್ಣು.

ಸೀನಾ ಮೊದಲ ಸಲ ದೊಡ್ಡ ಬೆಲ್ಟ್ ಗೆದ್ದಿದ್ದು 2005ರ ರೆಸಲ್‌ಮೇನಿಯಾದಲ್ಲಿ, ಜೆಬಿಎಲ್ ಮೇಲೆ. ಅಲ್ಲಿಂದ ನಮಗೆ ಗ್ರಹಚಾರ ಶುರು. ಐದು ಜನ ಸೇರಿ ಹೊಡೆದರೂ ಕೊನೇ ಎರಡು ನಿಮಿಷದಲ್ಲಿ ಎದ್ದು, ಮುಖದ ಮುಂದೆ ಕೈ ಆಡಿಸಿ, ಎತ್ತಿ ಒಗೆದು ಗೆದ್ದುಬಿಡುತ್ತಿದ್ದ. ಪ್ರತೀ ಸಲ. ದಾವಣಗೆರೆ ಹಾಸ್ಟೆಲ್ಲಿನ ಟಿವಿ ರೂಮಲ್ಲಿ ಅರ್ಧ ಜನ ಲೆಟ್ಸ್ ಗೋ ಸೀನಾ, ಅರ್ಧ ಜನ ಸೀನಾ ಸಕ್ಸ್. ನಾನು ಎರಡನೇ ಗುಂಪಿನ ನಾಯಕ. 2006ರ ಜನವರಿಯಲ್ಲಿ, ರಕ್ತ ಸುರಿಸಿಕೊಂಡು ನಿಂತಿದ್ದ ಸೀನಾ ಮೇಲೆ ಎಡ್ಜ್ ಬಂದು ಬೆಲ್ಟ್ ಕಿತ್ತುಕೊಂಡಾಗ ನಾನು ಮಂಚದ ಮೇಲೆ ಕುಣಿದು ಒಂದು ಹಲಗೆ ಮುರಿದಿದ್ದೆ. ಆ ಹಲಗೆ ದುಡ್ಡು ಕಟ್ಟಿದ ಇಬ್ಬರು ಈ ಪೋಸ್ಟ್ ಓದುತ್ತಿದ್ದೀರಿ, ಗೊತ್ತು.

ಅಷ್ಟು ಬೈದವನು 2023ರ ಸೆಪ್ಟೆಂಬರಿನಲ್ಲಿ ಹೈದರಾಬಾದಿಗೆ ಬಸ್ಸು ಹತ್ತಿ ಹೋದೆ. ಗಚ್ಚಿಬೌಲಿ ಸ್ಟೇಡಿಯಂ. ಸೀನಾ ಭಾರತದಲ್ಲಿ ಆಡಿದ ಮೊದಲ ಪಂದ್ಯ. ಅವನ ಹಾಡಿನ ತುತ್ತೂರಿ ಶುರುವಾಗಿದ್ದೇ ತಡ, ನಾನು ಚಿಕ್ಕ ಮಗು ಥರ ಕಿರುಚಿದೆ. ಕಣ್ಣಲ್ಲಿ ನೀರು ಬಂತು ಅಂತ ಆವತ್ತು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದಾಯ್ತು, ಬಿಡಿ. ಇಪ್ಪತ್ತು ವರ್ಷ ಬೈದರೆ ಅದೂ ಒಂದು ನಂಟೇ ಅಲ್ವಾ.

ಅಂಥವನು ಈ ವರ್ಷ ನಿವೃತ್ತಿ. ಹೋಗೋ ಮುಂಚೆ ಕೊನೆಗೂ ಕೆಟ್ಟವನಾದ. ಎರಡು ದಶಕ ಮಕ್ಕಳ ಕಣ್ಮಣಿ, ಕಾಯಿಲೆಬಿದ್ದ ಮಕ್ಕಳ ಆಸೆ ತೀರಿಸಿದ್ದೇ ಆರುನೂರಐವತ್ತಕ್ಕೂ ಜಾಸ್ತಿ, ಅಂಥ ಮನುಷ್ಯ ಒಂದು ಸನ್ನೆಗೆ ತಿರುಗಿಬಿದ್ದ. 1996ರಲ್ಲಿ ಹಲ್ಕ್ ಹೋಗನ್ ತಿರುಗಿಬಿದ್ದ ಮೇಲೆ ಇಷ್ಟು ದೊಡ್ಡದು ಇದೇ. ಬ್ರಸೆಲ್ಸ್‌ನಲ್ಲಿ ಮೈಕ್ ಹಿಡಿದು, ಇಷ್ಟು ವರ್ಷ ನೀವೇ ನನ್ನನ್ನು ಬಳಸಿಕೊಂಡಿರಿ ಅಂತ ಜನರಿಗೇ ತಿರುಗಿಸಿ ಹೇಳಿದಾಗ ನನಗೆ ಮೈ ಜುಂ ಅಂತು. ಸೀನಾ ಸಕ್ಸ್ ಅಂತ ಕೂಗಿದ ಹಾಸ್ಟೆಲ್ ಹುಡುಗನಿಗೆ ನೇರ ಬಂದು ತಾಗಿತು. ಸರಿ, ನಿನ್ನ ಸಿಟ್ಟು ಗೊತ್ತಾಯ್ತು, ಒಪ್ಪಿದೆ. ಆದರೆ ರಾಕ್‌ಗೂ ನಿನಗೂ ಏನಪ್ಪಾ ವ್ಯವಹಾರ? ನಿನ್ನ ಆತ್ಮಕ್ಕೆ ಅವನು ಎಷ್ಟು ಕೊಟ್ಟ? ಯಾವಾಗ ಕೊಟ್ಟ? ಇದನ್ನು ರೆಸಲ್‌ಮೇನಿಯಾದಲ್ಲಿ ಹೇಳುತ್ತಾರೆ ಅಂತ ಏಳು ವಾರ ಕಾದೆ.

ಹೇಳಲಿಲ್ಲ. ರಾಕ್ ಬರಲೇ ಇಲ್ಲ.

ಲಾಸ್ ವೇಗಸ್ಸಿನ ಅಲೀಜಿಯಂಟ್ ಸ್ಟೇಡಿಯಂ, ಎರಡು ದಿನ ಸೇರಿ 1,24,000ಕ್ಕೂ ಜಾಸ್ತಿ ಜನ. ಆ ಲೆಕ್ಕ ಹೇಳೋಕೆ ಸ್ಟೀವ್ ಆಸ್ಟಿನ್ ಬಂದ, ಗಾಡಿ ಓಡಿಸಿಕೊಂಡು ಬಂದು ಬೇಲಿಗೆ ಗುದ್ದಿ ಹೋದ. ಅವನಾದರೂ ಬಂದನಲ್ಲ! ಕೊನೆಯ ಪಂದ್ಯ ಕೋಡಿ, ಸೀನಾ. ನಿಧಾನ ಅಂದ್ರೆ ನಿಧಾನ. ಸೀನಾಗೆ ನಾಡಿದ್ದು 48 ತುಂಬುತ್ತದೆ, ಅದು ಅರ್ಥ ಆಗುತ್ತದೆ, ನನಗೆ 38ಕ್ಕೇ ಸೋಫಾದಿಂದ ಏಳೋಕೆ ಕೈ ಊರಬೇಕು. ಕತ್ತು ಹಿಡಿದು ಕೂರೋದು, ಏಳೋದು, ಮತ್ತೆ ಕತ್ತು. ಪರವಾಗಿಲ್ಲ, ಕೊನೇಲಿ ಏನೋ ಇದೆ ಅಂತ ನಾನು ಅಳಿಯನಿಗೆ ಹೇಳುತ್ತಲೇ ಇದ್ದೆ. ರೆಫರಿ ಬಿದ್ದ. ಈಗ ನೋಡು ಅಂದೆ. ಹಾಡು ಶುರುವಾಯಿತು. ಬಂದವನು ಯಾರು? ಟ್ರಾವಿಸ್ ಸ್ಕಾಟ್. ರ‍್ಯಾಪ್ ಹಾಡುಗಾರ. ಆರಾಮಾಗಿ, ಮದುವೆಮನೆ ಊಟದ ಹಾಲಿಗೆ ನಡೆದು ಬರೋ ಹಾಗೆ ಬಂದ. ಬಂದು ಅಡ್ಡ ಹೋದ. ಕೋಡಿ ಕೈಲಿ ಒದೆ ತಿಂದ. ಆಮೇಲೆ ಕೋಡಿ ಬೆಲ್ಟ್ ಎತ್ತಿಕೊಂಡ, ಹೊಡೀಲೋ ಬೇಡ್ವೋ ಅಂತ ಯೋಚನೆ ಮಾಡಿ ಕೈಬಿಟ್ಟ. ಅದೊಂದು ಕ್ಷಣ ಚೆನ್ನಾಗಿತ್ತು, ಒಪ್ತೀನಿ, ಆತ್ಮ ಮಾರದವನು ಇವನು ಅಂತ ಅಲ್ಲಿ ಕಾಣಿಸಿತು. ಸೀನಾಗೆ ಅಂಥ ಯೋಚನೆ ಏನೂ ಇಲ್ಲ, ಮತ್ತೆ ಅದೇ ಜಾಗಕ್ಕೆ ಒಂದು, ತಲೆಗೆ ಬೆಲ್ಟಿನಲ್ಲಿ ಒಂದು. ಒನ್ ಟೂ ತ್ರೀ. ಹದಿನೇಳನೇ ಸಲ ಚಾಂಪಿಯನ್. ರಿಕ್ ಫ್ಲೇರ್‌ನ ಹದಿನಾರರ ದಾಖಲೆ ಮುರಿಯಿತು.

ಚರಿತ್ರೆ ಕಣೋ ಇದು, ಚರಿತ್ರೆ! ನನ್ನ ಕಾರ್ಡಿನ ಕಾಲದಿಂದ ಕೇಳಿಕೊಂಡು ಬಂದ ಹದಿನಾರು. ಮತ್ತೆ ನನಗೆ ಏನೂ ಅನ್ನಿಸಲಿಲ್ಲ. ಕುಣಿಯೋಕೂ ಆಗಲಿಲ್ಲ, ಬೈಯೋಕೂ ಆಗಲಿಲ್ಲ. ಅಳಿಯ ಬಾಗಿಲ ಕಡೆ ನೋಡೋ ಹಾಗೆ ಟಿವಿ ನೋಡುತ್ತಾ ಕೂತಿದ್ದ. "ಮಾಮ, ರಾಕ್ ಈಗ ಬರ್ತಾನಾ?" ಅಂದ. ಕಾರ್ಯಕ್ರಮ ಮುಗಿದು ನೆಟ್‌ಫ್ಲಿಕ್ಸ್ ಬೇರೆ ಏನೋ ನೋಡಿ ಅಂತ ತೋರಿಸೋಕೆ ಶುರು ಮಾಡಿತ್ತು.

ಇದು ರಾಕ್ ಮಹಾಶಯರ ಮೊದಲ ಸಲ ಆಗಿದ್ರೆ ಸುಮ್ನಿರುತ್ತಿದ್ದೆ. ಹೋದ ವರ್ಷ ಫಿಲಡೆಲ್ಫಿಯಾದಲ್ಲಿ ಕೋಡಿ ಬೆಲ್ಟ್ ಗೆದ್ದ ಮಾರನೇ ದಿನವೇ ರಾಕ್ ಬಂದು ಕೋಡಿ ಕೈಯಲ್ಲಿ ಏನೋ ಇಟ್ಟು ಹೋಗಿದ್ದ. ಏನದು? ಉಂಗುರವಾ, ಚೀಟಿಯಾ, ತಾಂಬೂಲವಾ? ಇವತ್ತಿಗೂ ಹೇಳಿಲ್ಲ. ಅಕ್ಟೋಬರಿನಲ್ಲಿ ಅಟ್ಲಾಂಟಾದ ಬ್ಯಾಡ್ ಬ್ಲಡ್ ಶೋ ಮುಗಿಯೋ ಹೊತ್ತಿಗೆ ಪ್ರತ್ಯಕ್ಷ ಆಗಿ, ಕೋಡಿ ಮತ್ತು ಇನ್ನೊಬ್ಬ ರೆಸ್ಲರ್ ರೋಮನ್ ರೇನ್ಸ್ ಕಡೆ ಕೈಸನ್ನೆ ಮಾಡಿ ಮಾಯವಾದ. ಜನವರಿ 6ಕ್ಕೆ, ನೆಟ್‌ಫ್ಲಿಕ್ಸಿನ ಮೊದಲ ರಾನಲ್ಲಿ (ವಾರ ವಾರ ಬರೋ ಶೋ), ಏನೂ ಆಗಿಲ್ಲ ಅನ್ನೋ ಹಾಗೆ ನಗ್ತಾ ಬಂದು ಕೋಡಿಯನ್ನು ಹೊಗಳಿದ. ಆರು ವಾರಕ್ಕೆ ಬಂದು ಆತ್ಮ ಕೊಡು ಅಂದ. ಈಗ ನಾಪತ್ತೆ. ನಮ್ಮ ಕಡೆ ಇಂಥವರನ್ನು ಮದುವೆ ಮಾತುಕತೆಗೆ ಕರೆಯೋದಿಲ್ಲ. ಬರ್ತಾರೆ, ಹುಡುಗಿ ಕಡೆಯವರ ಮುಂದೆ ಇಲ್ಲದ್ದೆಲ್ಲ ಹೇಳ್ತಾರೆ, ಉಪ್ಪಿಟ್ಟು ತಿಂತಾರೆ, ಹೋಗ್ತಾರೆ. ಆಮೇಲೆ ಫೋನ್ ಎತ್ತಲ್ಲ.

ಅವನು ಸಿನಿಮಾದಲ್ಲಿ ಬ್ಯುಸಿ, ಕಂಪನಿಯ ಬೋರ್ಡಿನಲ್ಲಿ ಇರೋ ದೊಡ್ಡ ಮನುಷ್ಯ, ಅವನಿಗೆ ಯಾರು ಹೇಳೋದು ಅಂತ ಒಬ್ಬ ಗೆಳೆಯ ಬೆಳಿಗ್ಗೆಯೇ ಮೆಸೇಜ್ ಹಾಕಿದ್ದಾನೆ. ಬ್ಯುಸಿ ಇದ್ರೆ ಟೊರಾಂಟೊಗೆ ಯಾಕೆ ಬಂದೆ? ಅಷ್ಟೇ ನನ್ನ ಪ್ರಶ್ನೆ. ಒಲೆ ಹಚ್ಚಿ, ಎಸರು ಇಟ್ಟು, ಅಕ್ಕಿ ಹಾಕೋ ಹೊತ್ತಿಗೆ ನನಗೆ ಮೀಟಿಂಗ್ ಇದೆ ಅಂದ್ರೆ?

ಎಂಟೂವರೆಗೆ ಬಾವ ಎದ್ದು ಬಂದರು. ನನ್ನ ಮುಖ ನೋಡಿ "ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳಿದರು. ವಿಷಯ ಹೇಳಿದೆ. ಎಲ್ಲರೂ ಹೇಳೋದನ್ನೇ ಹೇಳಿದರು. "ಎಲ್ಲಾ ಫಿಕ್ಸು ಕಣೋ. ಮೊದ್ಲೇ ಬರ್ದಿರ್ತಾರೆ. ಅದಕ್ಕೆ ಹೋಗಿ ತಲೆ ಕೆಡಿಸ್ಕೊಳ್ತೀಯಲ್ಲ."

ನನ್ನ ಬಾವ ನಿನ್ನೆ ಮಧ್ಯಾಹ್ನ ಮೂರೂವರೆಯಿಂದ ಕದಲದೆ ಕೂತು ಆರ್‌ಸಿಬಿ ಪಂಜಾಬನ್ನು ಸೋಲಿಸಿದ್ದು ನೋಡಿದವರು. ಕೊಹ್ಲಿ ಔಟಾಗದೆ 73 ಹೊಡೆದಿದ್ದಕ್ಕೆ ಕೇಸರಿಬಾತ್ ಮಾಡಿಸಿದವರು. ಹೇಳಿದೆ, "ಬಾವ, ಸೀನಾ ಹದಿನೇಳು ಬೆಲ್ಟ್ ಗೆದ್ದಿದ್ದಾನೆ. ನಿಮ್ಮ ಹುಡುಗರು ಹದಿನೇಳು ಸೀಸನ್ ಮುಗ್ಸಿ ಒಂದು ಕಪ್ ತಂದಿಲ್ಲ. ಹೆಣ್ಮಕ್ಳು ತಂದ್ರು, ಸರಿ. ಇವ್ರದ್ದು ಯಾರೂ ಬರೀದೇನೇ ಈ ಗತಿ." ಬಾವ ಮಾತಾಡದೆ ಪೇಪರ್ ಎತ್ತಿಕೊಂಡರು. ಸಂಬಂಧ ಗಟ್ಟಿ ಇದೆ, ತೊಂದರೆ ಇಲ್ಲ.

ಆದರೆ ಈ ಫಿಕ್ಸು ಅನ್ನೋ ಮಾತಿಗೆ ಒಂದು ಸಲ ಉತ್ತರ ಬರೆದಿಟ್ಟುಬಿಡುತ್ತೇನೆ, ಮುಂದೆ ಲಿಂಕ್ ಕಳಿಸಿದರೆ ಆಯ್ತು. ಬರೆದಿರುತ್ತಾರೆ ಸ್ವಾಮಿ. ಎಂಟನೇ ಕ್ಲಾಸಿಂದ ಗೊತ್ತು. ಕೋಡಿ 2022ರ ಜೂನ್‌ನಲ್ಲಿ ಎದೆಯ ಸ್ನಾಯು ಹರಿದುಕೊಂಡು, ಅರ್ಧ ಎದೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದರೂ ಪಂಜರದೊಳಗೆ ಸೆತ್ ರಾಲಿನ್ಸ್ ಜೊತೆ ಆಡಿದ. ಯಾರು ಗೆಲ್ಲಬೇಕು ಅನ್ನೋದು ಬರೆದಿತ್ತು, ನೋವು ಬರೆದಿರಲಿಲ್ಲ. ಇದು ಒಂದು. ಇನ್ನೊಂದು, ನಾನು ಸಾಗರದ ಕಡೆಯವನು. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಬಯಲಾಟಕ್ಕೆ ಹೋದವನು. ಕೌರವ ನೀರಿಂದ ಎದ್ದು ಬರುತ್ತಾನೆ, ಭೀಮ ತೊಡೆಗೆ ಹೊಡೆಯುತ್ತಾನೆ, ಕೌರವ ಬೀಳುತ್ತಾನೆ. ಗದ್ದೆಯಲ್ಲಿ ಕಂಬಳಿ ಹಾಸಿ ಕೂತ ಅಷ್ಟೂ ಜನಕ್ಕೆ ಇದು ಗೊತ್ತು. ಫಿಕ್ಸು ಅಂತ ಯಾರೂ ಎದ್ದು ಹೋಗಲಿಲ್ಲ. ಬೆಳಗಿನ ಜಾವದ ಚಳಿಯಲ್ಲಿ ಮೂಗು ಸುರಿಸಿಕೊಂಡು ಕಾದು ಕೂತಿರುತ್ತಿದ್ದರು, ಕೌರವ ಇವತ್ತು ಹೇಗೆ ಬೀಳುತ್ತಾನೆ ನೋಡೋಕೆ. ಈಗ ಯೋಚನೆ ಮಾಡಿ. ಅದೇ ಆಟದಲ್ಲಿ ಭೀಮನ ವೇಷದವನು ಮಧ್ಯರಾತ್ರಿಯೇ ಚೌಕಿಯಲ್ಲಿ ಬಣ್ಣ ತೊಳೆದು ಬಸ್ಸು ಹತ್ತಿದ. ಗದಾಯುದ್ಧಕ್ಕೆ ಭೀಮ ಇಲ್ಲ. ಅವನ ಬದಲು ರಂಗಸ್ಥಳಕ್ಕೆ ಚಾದಂಗಡಿ ಅಣ್ಣ ಬಂದು, ಕೌರವನ ಕಾಲಿಗೆ ಕೆಟ್ಲಲ್ಲಿ ಒಂದು ಕೊಟ್ಟ. ಕೌರವ ಸತ್ತ. ಮಂಗಳ.

ಊರಿನವರು ಸುಮ್ನಿರುತ್ತಿದ್ದರಾ? ಭಾಗವತರನ್ನು ಎಬ್ಬಿಸಿ ಕೇಳುತ್ತಿದ್ದರು. ನಾನೂ ಅದನ್ನೇ ಕೇಳ್ತಿರೋದು. ಟ್ರಾವಿಸ್ ಸ್ಕಾಟ್ ಒಳ್ಳೆ ಹಾಡುಗಾರನೇ ಇರಬಹುದು, ಚಾದಂಗಡಿ ಅಣ್ಣನೂ ಒಳ್ಳೆ ಚಾ ಮಾಡುತ್ತಿದ್ದ.

ಇನ್ನೂ ಹೊಟ್ಟೆ ಉರಿಯೋದು ಯಾಕೆ ಗೊತ್ತಾ? ಇವರಿಗೆ ಕಥೆ ಹೇಳೋಕೆ ಬರುತ್ತದೆ. ಹಿಂದಿನ ದಿನವೇ ಹೇಳಿ ತೋರಿಸಿದ್ದರು. ಶನಿವಾರದ್ದು, ನಮಗೆ ಭಾನುವಾರ ಬೆಳಿಗ್ಗೆ, ಸಿಎಂ ಪಂಕ್, ರೋಮನ್, ಸೆತ್, ಮೂವರ ಪಂದ್ಯ. ನವೆಂಬರಿನಲ್ಲಿ ರೋಮನ್ ತಂಡಕ್ಕೆ ಒಬ್ಬ ಆಳು ಕಮ್ಮಿ ಬಿದ್ದಾಗ ಅವನ ಮ್ಯಾನೇಜರ್ ಪಾಲ್ ಹೇಮನ್ ಹೋಗಿ ಪಂಕ್‌ನನ್ನು ಕರೆತಂದ, ಬದಲಿಗೆ ಒಂದು ಋಣ ಹೊತ್ತುಕೊಂಡ. ಆ ಋಣ ಏನು ಅನ್ನೋದನ್ನು ತಿಂಗಳುಗಟ್ಟಲೆ ಕಾಯಿಸಿದರು. ಕೊನೆಗೆ ಪಂಕ್ ಕೇಳಿದ್ದು, ರೆಸಲ್‌ಮೇನಿಯಾದಲ್ಲಿ ನೀನು ನನ್ನ ಕಡೆ ನಿಲ್ಲಬೇಕು. ರೋಮನ್ ಮುಖ ಸುಟ್ಟ ಬದನೆಕಾಯಿ ಆಯ್ತು. ಹೇಮನ್ ಯಾರ ಕಡೆ? ಹಳೇ ಗೆಳೆಯನ ಕಡೆಯಾ, ಅನ್ನ ಹಾಕಿದ ಧಣಿ ಕಡೆಯಾ? ಪಂಕ್‌ಗೆ ಕೆಳಗೆ ಒಂದು ಕೊಟ್ಟು ರೋಮನ್ ಕೈಗೆ ಕುರ್ಚಿ ಕೊಟ್ಟ. ಓ, ಧಣಿ ಕಡೆ ಅಂದುಕೊಂಡ್ವಿ. ಅಷ್ಟರಲ್ಲಿ ರೋಮನ್‌ಗೂ ಅದೇ ಜಾಗಕ್ಕೆ ಒಂದು. ಸೆತ್ ನಗ್ತಾ ನಿಂತಿದ್ದ, ರೋಮನ್‌ನನ್ನು ಒತ್ತಿ ಗೆದ್ದ. ನಾನೂ ಅಳಿಯನೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಿರುಚಿ, ಅಕ್ಕ ಎದ್ದು ಬಂದು, "ಮೂವತ್ತೆಂಟು ವರ್ಷ ಆಯ್ತಲ್ಲೋ ನಿಂಗೆ, ಹುಡ್ಗನ ಜೊತೆ ಹುಡ್ಗನ ಥರ" ಅಂತ ಪೂಜೆ ಮಾಡಿದಳು. ನವೆಂಬರಿನಲ್ಲಿ ಕೊಟ್ಟ ಮಾತು ಏಪ್ರಿಲಿನಲ್ಲಿ ಬಡ್ಡಿ ಸಮೇತ ತೀರಿತು. ಹೀಗಿರಬೇಕು.

ಇವತ್ತು ಕೂಡ ಶುರು ಚೆನ್ನಾಗೇ ಇತ್ತು. ಇಯೋ ಸ್ಕೈ, ರಿಯಾ ರಿಪ್ಲಿ, ಬಿಯಾಂಕಾ ಬೆಲೇರ್. ಎರಡು ದಿನದಲ್ಲಿ ಬೆಸ್ಟ್ ಪಂದ್ಯ ಅದೇ. ಎಲ್ಲರೂ ಮಾತಾಡಿದ್ದು ಉಳಿದ ಇಬ್ಬರ ಬಗ್ಗೆ, ಬೆಲ್ಟ್ ಇದ್ದಿದ್ದು ಇಯೋ ಹತ್ತಿರ, ಗೆದ್ದಿದ್ದೂ ಅವಳೇ. ರಾಕ್ ಬೇಕಾಗಲಿಲ್ಲ, ಹಾಡುಗಾರ ಬೇಕಾಗಲಿಲ್ಲ. ಅದರ ಬಗ್ಗೆ ಬೇರೆ ಪೋಸ್ಟ್ ಬರೀಬೇಕು, ಬರೆಯೋದಿಲ್ಲ, ನನ್ನ ಬುದ್ಧಿ ನಿಮಗೆ ಗೊತ್ತಲ್ಲ, ಖುಷಿ ಆದ್ರೆ ಮಲಗ್ತೀನಿ, ಸಿಟ್ಟು ಬಂದ್ರೆ ಬರೀತೀನಿ.

ಸೋತವರ ಮೇಲೆ ನನಗೆ ಸಿಟ್ಟಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. 2014ರಲ್ಲಿ ಅಂಡರ್‌ಟೇಕರ್‌ನ ಇಪ್ಪತ್ತೊಂದು ಗೆಲುವಿನ ಸರಣಿಯನ್ನು ಬ್ರಾಕ್ ಲೆಸ್ನರ್ ಮುರಿದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಏಳು ಜೀವದವನು, ಪಾಪ. ಆವತ್ತು ನ್ಯೂ ಆರ್ಲಿಯನ್ಸಿನಲ್ಲಿ ಬಾಯಿ ತೆರೆದು ಕೂತ ಜನರ ಮುಖ ಇನ್ನೂ ಕಣ್ಣಲ್ಲಿದೆ. ನೋವಾಯ್ತು, ಆದರೆ ಮೋಸ ಅನ್ನಿಸಲಿಲ್ಲ. ಇಬ್ಬರೂ ಅಲ್ಲಿದ್ದರು, ಹೊಡೆದವನೂ ಬಿದ್ದವನೂ.

ಇಷ್ಟೆಲ್ಲ ನಾನು ಅಡುಗೆಮನೆಯಲ್ಲಿ ದೋಸೆ ತಿಂತಾ ಅಳಿಯನಿಗೆ ವಿವರಿಸುತ್ತಿದ್ದೆ. ಮಾತು ಕೊಟ್ಟ ಮೇಲೆ ಬರಬೇಕು, ಬರೋಕಾಗಲ್ಲ ಅಂದ್ರೆ ಮಾತು ಕೊಡಬಾರದು, ದೊಡ್ಡವರಿಗೆ ಅಷ್ಟೂ ಗೊತ್ತಾಗಬೇಡ್ವಾ, ಹೀಗೆ. ಹುಡುಗ ಚಟ್ನಿ ಕಲಸುತ್ತಾ ಕೇಳಿಸಿಕೊಂಡ. ಆಮೇಲೆ ತಲೆ ಎತ್ತದೆ, "ನೀನೂ ಹಂಗೇ ಅಲ್ವಾ ಮಾಮ. ಹೈದ್ರಾಬಾದಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ" ಅಂದ.

ಅಂದಿದ್ದೆ. ಆಗ ಅವನಿಗೆ ಒಂಬತ್ತು. ಫೋನಲ್ಲಿ ಹೇಳಿದ್ದೆ. ಬ್ಯಾಗಿಗೆ ಸೀನಾ ಟೀಶರ್ಟು ಹಾಕಿಟ್ಟುಕೊಂಡಿದ್ದನಂತೆ, ಇದು ನನಗೆ ಇವತ್ತು ಅಕ್ಕ ಹೇಳಿದ್ದು. ಶುಕ್ರವಾರ, ಸ್ಕೂಲಿದೆ, ದೂರ, ಚಿಕ್ಕವನು, ಆಫೀಸಿನ ಹುಡುಗರ ಜೊತೆ ಹೋಗ್ತಿದ್ದೇನೆ ಅಂತ ನನ್ನ ಹತ್ತಿರ ಕಾರಣಗಳು ಇದ್ದವು. ಫೋನ್ ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ಹೋಗಿ ಬಂದ ಮೇಲೆ ವೀಡಿಯೋ ಕಳಿಸಿದೆ, ನಾನು ಕಿರುಚಿದ್ದು ಅದರಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಅಕ್ಕ ಕಾವಲಿ ಮುಂದೆ ತಿರುಗಿ ನಿಂತಿದ್ದಳು. ನಗ್ತಿದ್ದಳು ಅನ್ನಿಸುತ್ತೆ.

ರಾಕ್ ಮೇಲಿನ ಸಿಟ್ಟು ಇದರಿಂದ ಏನೂ ಕಮ್ಮಿ ಆಗಿಲ್ಲ, ಸ್ಪಷ್ಟವಾಗಿ ಹೇಳ್ತೀನಿ. ನಾನು ಇಬ್ಬರ ಹತ್ತಿರ ಮಾತು ತಪ್ಪಿದರೆ ಅವನು ಲಕ್ಷಾಂತರ ಜನರ ಹತ್ತಿರ ತಪ್ಪಿದ್ದಾನೆ. ನಾಳೆ ಬೆಳಿಗ್ಗೆ ಐದೂವರೆಗೆ ರಾ ಇದೆ. ಮೇನಿಯಾ ಮಾರನೇ ದಿನದ ರಾ, ಯಾರು ಬೇಕಾದ್ರೂ ಬರಬಹುದು ಅಂತ ಅಳಿಯ ಹೇಳುತ್ತಿದ್ದಾನೆ. ನಾನು ಈ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡಬೇಕಿತ್ತು. ಗುಡ್ ಫ್ರೈಡೇ ರಜೆಗೆ ಬಂದವನು ಸೋಮವಾರಕ್ಕೆ ಜ್ವರ ಅಂತ ಹೇಳಿ ಆಗಿದೆ. ಟಿಕೆಟ್ ಈಗಷ್ಟೇ ಕ್ಯಾನ್ಸಲ್ ಮಾಡಿದೆ. ಆಫೀಸಿನವರು ಯಾರಾದ್ರೂ ಇದನ್ನು ಓದುತ್ತಿದ್ದರೆ, ಜ್ವರ ಇನ್ನೂ ನೂರಾ ಒಂದು ಇದೆ.